ವೈಮಾಂತರಿಕ್ಷ ಉದ್ಯಮ ಮತ್ತು ಪ್ರೌಢಶಾಲಾ ಶಿಕ್ಷಕರು

(ವಿಜ್ಞಾನ ಹಾಗೂ ಗಣಿತ ಶಿಕ್ಷಕರ ಸಮಾಲೋಚನಾ ಸಭೆಗಳಲ್ಲಿ ಓದಿ ಚರ್ಚಿಸಲು)

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಬಳಿಕ ಮಗುವಿನ ಮುಂದಿನ ಓದಿನ ತೀರ್ಮಾನ ಹೆಚ್ಚಿನ ಮನೆಗಳಲ್ಲಿ ಕೆಲವೇ ದಿನಗಳಲ್ಲಿ ಆಗಿಹೋಗುತ್ತದೆ. ದಾವಣಗೆರೆಯ ವಿನೋಬನಗರದ ಮನೆಯಾಗಲಿ, ಹರಿಹರ ತಾಲ್ಲೂಕಿನ ಹಳ್ಳಿಯ ಮನೆಯಾಗಲಿ, ಈ ಮಾತಿನಲ್ಲಿ ಬಹಳ ವ್ಯತ್ಯಾಸವಿಲ್ಲ. ಹೆಚ್ಚು ಅಂಕ ಬಂದರೆ ಪದವಿಪೂರ್ವ ವಿಜ್ಞಾನ, ಕಡಿಮೆ ಬಂದರೆ ಐಟಿಐ. ಎರಡನೆಯದನ್ನು ಹೇಳುವಾಗ ದನಿ ತಗ್ಗುತ್ತದೆ. ವಿಮಾನ ಅಥವಾ ರಾಕೆಟ್ ತಯಾರಿಸುವ ಕೆಲಸಕ್ಕೆ ಸೇರಬೇಕೆಂದು ಮಗು ಕೇಳಿದರೆ, ಅದು ಐಐಟಿಯಲ್ಲಿ ಓದಿದವರ ಕೆಲಸವೆಂಬ ಉತ್ತರ ಮನೆಯಲ್ಲಷ್ಟೇ ಅಲ್ಲ, ಶಾಲೆಯಲ್ಲಿಯೂ ದೊರೆಯುತ್ತದೆ.

ಈ ಉತ್ತರ ಸರಿಯಲ್ಲ. ಇಸ್ರೋ ಸಂಸ್ಥೆಯಲ್ಲಿ ‘ಟೆಕ್ನೀಷಿಯನ್-ಬಿ’ ಹುದ್ದೆಗೆ ಕೇಳುವ ವಿದ್ಯಾರ್ಹತೆ ಎಸ್.ಎಸ್.ಎಲ್.ಸಿ. ಮತ್ತು ಸಂಬಂಧಿತ ವೃತ್ತಿಯಲ್ಲಿ ಐಟಿಐ ಪ್ರಮಾಣಪತ್ರ. ‘ಟೆಕ್ನಿಕಲ್ ಅಸಿಸ್ಟೆಂಟ್’ ಹುದ್ದೆಗೆ ಪ್ರಥಮ ದರ್ಜೆಯ ಡಿಪ್ಲೊಮಾ. ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಇವರ ಕೈಗಳಿಲ್ಲದೆ ಯಾವ ಉಪಗ್ರಹವೂ ಸಿದ್ಧವಾಗದು. ಎಚ್‌ಎಎಲ್‌ನಲ್ಲಿ ಐಟಿಐ ಮುಗಿಸಿದವರು ಅಪ್ರೆಂಟಿಸ್ ತರಬೇತಿ ಪಡೆಯುತ್ತಾರೆ. ವಿಜ್ಞಾನಿಯ ಹುದ್ದೆಗೆ ಹೋಗುವ ದಾರಿಯೂ ಇದೆ. ತಿರುವನಂತಪುರದಲ್ಲಿ 2007ರಲ್ಲಿ ಆರಂಭವಾದ ಭಾರತೀಯ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಆ ದಾರಿಯಲ್ಲಿ ಒಂದು. ಆದರೆ ಅದೊಂದೇ ದಾರಿಯೆಂದು ಮಗುವಿಗೆ ಹೇಳಿದ ಕ್ಷಣದಲ್ಲಿ ಉಳಿದ ಬಾಗಿಲುಗಳು ಮುಚ್ಚಿಹೋಗುತ್ತವೆ. ಶಿಕ್ಷಕರು ಹೀಗೆ ಹೇಳುವುದು ಮಗುವಿನ ಮೇಲಿನ ಅನಾದರದಿಂದಲ್ಲ. ಬಹುಪಾಲು ಶಿಕ್ಷಕರು ಇಂಥ ಒಂದು ಕಾರ್ಖಾನೆಯ ಒಳಗನ್ನು ನೋಡಿಯೇ ಇಲ್ಲ. ನೋಡುವ ಅವಕಾಶವನ್ನು ಯಾರೂ ಅವರಿಗೆ ಕಲ್ಪಿಸಿಲ್ಲ.

ದಾವಣಗೆರೆ ಜಿಲ್ಲೆಗೆ ಈ ಉದ್ಯಮ ದೂರದ್ದೆಂಬ ಭಾವನೆಯನ್ನೂ ಪರಿಶೀಲಿಸಬೇಕು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದ್ದು 1940ರ ಡಿಸೆಂಬರ್‌ನಲ್ಲಿ. ಮರುವರ್ಷವೇ, 1941ರಲ್ಲಿ, ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿತು. ಒಂದು ವಿಮಾನ ಕಟ್ಟಲು, ಇನ್ನೊಂದು ಯಂತ್ರಗಳನ್ನು ತಯಾರಿಸುವ ಯಂತ್ರವನ್ನು, ಅಂದರೆ ಲೇತ್‌ಗಳನ್ನು ಕಟ್ಟಲು. ಆ ಕಾರ್ಖಾನೆ ಇಂದು ಇಲ್ಲ. ಆದರೆ ಲೇತ್‌ನ ಮುಂದೆ ಆಯುಷ್ಯ ಕಳೆದ ಹಿರಿಯರು ಹರಿಹರದ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರ ಮೊಮ್ಮಕ್ಕಳು ಓದುವ ಶಾಲೆಯಲ್ಲಿ ಅಂಥ ಹಿರಿಯರೊಬ್ಬರು ಒಂದು ಗಂಟೆ ಮಾತನಾಡಿದರೆ ಅದಕ್ಕಿಂತ ಕಡಿಮೆ ವೆಚ್ಚದ ವೃತ್ತಿ ಮಾರ್ಗದರ್ಶನ ಬೇರೊಂದಿಲ್ಲ. ಅದೇ ಹರಿಹರದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ, ಎಸ್.ಎಸ್.ಎಲ್.ಸಿ. ತೇರ್ಗಡೆಯಾದವರಿಗೆ ಈ ಕೇಂದ್ರಗಳು ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ತರಬೇತಿ ನೀಡುತ್ತವೆ.

ಜಿಲ್ಲೆಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ನ್ನೂ ಭೂಪಟದಲ್ಲಿ ಮಕ್ಕಳಿಗೆ ತೋರಿಸಬಹುದು. ಉತ್ತರಕ್ಕೆ ಹೋದರೆ ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳನ್ನು ತಯಾರಿಸುವ ವಿಶೇಷ ಆರ್ಥಿಕ ವಲಯ. ಅಲ್ಲಿ ತಯಾರಾದ ಭಾಗಗಳು ಏರ್‌ಬಸ್ ವಿಮಾನಗಳಲ್ಲಿ ಹಾರುತ್ತವೆ. ದಕ್ಷಿಣಕ್ಕೆ ಹೋದರೆ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ, ಮುಂದೆ ಬೆಂಗಳೂರು. ದಾವಣಗೆರೆ ಇವುಗಳ ನಡುವೆ ಇದೆ.

ಕಾರ್ಖಾನೆಗೆ ಭೇಟಿ ನೀಡುವ ಶಿಕ್ಷಕರು ಅಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ವಿಮಾನವನ್ನಲ್ಲ, ತಪಾಸಣಾ ಕೊಠಡಿಯನ್ನು. ಪ್ರೌಢಶಾಲೆ ದಾಟಿದ ವಿದ್ಯಾರ್ಥಿ ಬಳಸುವ ಸ್ಕ್ರೂಗೇಜ್ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು, ಅಂದರೆ 10 ಮೈಕ್ರಾನನ್ನು ಅಳೆಯುತ್ತದೆ. ವಿಮಾನದ ಎಂಜಿನ್ನಿನ ಹಲವು ಭಾಗಗಳಿಗೆ ಈ ಅಳತೆ ಸಾಲದು. ಮೇಲಾಗಿ, ಪ್ರತಿ ಭಾಗಕ್ಕೂ ಒಂದು ದಾಖಲೆ ಇರುತ್ತದೆ: ಲೋಹ ಯಾವ ತಂಡದ್ದು, ಯಾವ ಯಂತ್ರದಲ್ಲಿ ಕಡೆಯಲಾಯಿತು, ಅಳೆದವರು ಯಾರು. ಅಳತೆ ತಪ್ಪಿದ ಭಾಗವನ್ನು ಸರಿಯಿದೆಯೆಂದು ಬರೆಯುವುದು ಅಲ್ಲಿ ಮೈಗಳ್ಳತನವಲ್ಲ, ಅಪರಾಧಕ್ಕೆ ಸಮ. ಇತ್ತ ಶಾಲೆಗಳ ಪ್ರಯೋಗ ಪುಸ್ತಕಗಳಲ್ಲಿ ನಡೆಯುವುದೇನೆಂಬುದು ಎಲ್ಲರಿಗೂ ತಿಳಿದಿದೆ. ಉತ್ತರ ಮೊದಲೇ ಗೊತ್ತಿರುವುದರಿಂದ ಅಳತೆಗಳನ್ನು ಅದಕ್ಕೆ ತಕ್ಕಂತೆ ಹೊಂದಿಸಲಾಗುತ್ತದೆ. ಪಕ್ಕದವರ ಪುಸ್ತಕ ನೋಡಿ ಬರೆದ ಅಂಕಿಗೆ ಪೂರ್ಣ ಅಂಕ ದೊರೆಯುತ್ತದೆ. ತಪಾಸಣಾ ಕೊಠಡಿಯನ್ನು ಒಮ್ಮೆ ಕಂಡ ಶಿಕ್ಷಕರು ಮರಳಿ ಬಂದು, ತಪ್ಪಾಗಿ ಕಂಡರೂ ತಾನೇ ಅಳೆದು ಬರೆದ ಅಂಕಿಗೆ ಹೆಚ್ಚು ಬೆಲೆ ಕೊಟ್ಟರೆ, ಅದು ವೈಮಾಂತರಿಕ್ಷ ಉದ್ಯಮಕ್ಕೆ ಮಕ್ಕಳನ್ನು ಸಿದ್ಧಗೊಳಿಸುವ ಕೆಲಸವೇ ಸರಿ.

ಪಾಠಕ್ಕೊಂದು ಉದಾಹರಣೆಯೂ ಹತ್ತಿರದಲ್ಲಿದೆ. ಮರುಬಳಕೆಯ ಉಡಾವಣಾ ವಾಹನ ‘ಪುಷ್ಪಕ್’ ಮೂರು ಬಾರಿ ತಾನಾಗಿಯೇ ಬಂದು ಇಳಿದದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ವಲಯದ ರನ್‌ವೇಯಲ್ಲಿ: 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು 2024ರ ಜೂನ್ 23ರಂದು. 1997ರವರೆಗೆ ದಾವಣಗೆರೆ, ಹರಿಹರಗಳೂ ಅದೇ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ವಾಯುಸೇನೆಯ ಚಿನೂಕ್ ಹೆಲಿಕಾಪ್ಟರ್ ಆ ವಾಹನವನ್ನು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ಮೂರನೆಯ ಪರೀಕ್ಷೆಯಲ್ಲಿ ಅದು ನೆಲ ಮುಟ್ಟಿದಾಗ ವೇಗ ಗಂಟೆಗೆ 320 ಕಿ.ಮೀ.ಗೂ ಹೆಚ್ಚು, ಪ್ರಯಾಣಿಕ ವಿಮಾನದ ವೇಗ ಇಳಿಯುವಾಗ ಸುಮಾರು 260 ಕಿ.ಮೀ. ಮಾತ್ರ. ಬಾಲದ ಪ್ಯಾರಾಚೂಟ್ ಬಿಚ್ಚಿಕೊಂಡು ವೇಗವನ್ನು ಗಂಟೆಗೆ ಸುಮಾರು 100 ಕಿ.ಮೀ.ಗೆ ಇಳಿಸಿತು, ಅನಂತರವೇ ಚಕ್ರಗಳ ಬ್ರೇಕ್ ಹಿಡಿದದ್ದು.

ಒಂಬತ್ತನೆಯ ತರಗತಿಯ ಚಲನಶಕ್ತಿಯ ಪಾಠದಲ್ಲಿ ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಮೊದಲೇ ಬ್ರೇಕ್ ಹಿಡಿಯಬಾರದೇಕೆ? ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 320ನ್ನು 100ರಿಂದ ಭಾಗಿಸಿದರೆ 3.2; ಅದರ ವರ್ಗ 10.24. ವೇಗ ಮೂರನೆಯ ಒಂದು ಭಾಗದಷ್ಟಕ್ಕೆ ಇಳಿಯುವಷ್ಟರಲ್ಲಿ ಶಕ್ತಿ ಹತ್ತನೆಯ ಒಂದು ಭಾಗಕ್ಕೆ ಇಳಿದಿರುತ್ತದೆ. ಅಷ್ಟೂ ಶಕ್ತಿ ಬ್ರೇಕಿನಲ್ಲಿ ಶಾಖವಾಗಿದ್ದರೆ ಚಕ್ರದ ಗತಿಯೇನು ಎಂಬುದನ್ನು ಮಕ್ಕಳೇ ಹೇಳಬಲ್ಲರು. ಸೈಕಲ್ಲಿನ ಬ್ರೇಕ್ ಕಟ್ಟೆಯನ್ನು ಮುಟ್ಟಿ ನೋಡಿದವರೇ ಅವರು. ಸೂತ್ರವನ್ನು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುವುದಕ್ಕಿಂತ ಇದಕ್ಕೆ ಹಿಡಿಯುವ ಸಮಯ ಹತ್ತು ನಿಮಿಷ ಹೆಚ್ಚು, ಅಷ್ಟೆ.

ಪರೀಕ್ಷಾ ವಲಯ ರಕ್ಷಣಾ ಪ್ರದೇಶವಾದ್ದರಿಂದ ಅಲ್ಲಿಗೆ ಶಾಲಾ ಪ್ರವಾಸವನ್ನು ಯೋಜಿಸುವಂತಿಲ್ಲ. ಆದರೆ ಅದೇ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಮತ್ತು ಗಣಿತ ಶಿಕ್ಷಕರಿಗಾಗಿಯೇ ವಸತಿ ಸಹಿತ ತರಬೇತಿ ನೀಡುವ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್ ಇದೆ. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯ ಸಾರ್ವಜನಿಕರಿಗೆ ತೆರೆದಿದೆ.

ಮಕ್ಕಳ ಮಟ್ಟಿಗೆ, ಒಂಬತ್ತನೆಯ ತರಗತಿಯವರಿಗೆ ಇಸ್ರೋ 2019ರಿಂದ ನಡೆಸುತ್ತಿರುವ ‘ಯುವಿಕಾ’ ಕಾರ್ಯಕ್ರಮದ ವಿಷಯ ಇನ್ನೂ ಅನೇಕ ಶಾಲೆಗಳಿಗೆ ತಲುಪಿಲ್ಲ. ಆಯ್ಕೆಯಲ್ಲಿ ಎಂಟನೆಯ ತರಗತಿಯ ಅಂಕ, ಆನ್‌ಲೈನ್ ರಸಪ್ರಶ್ನೆ, ವಿಜ್ಞಾನ ಮೇಳಗಳಲ್ಲಿ ಭಾಗವಹಿಸಿದ ಪ್ರಮಾಣಪತ್ರ ಇತ್ಯಾದಿಗಳನ್ನು ಪರಿಗಣಿಸಲಾಗುತ್ತದೆ. ಪಂಚಾಯಿತಿ ವ್ಯಾಪ್ತಿಯ ಗ್ರಾಮೀಣ ಶಾಲೆಯ ಮಕ್ಕಳಿಗೆ ಹೆಚ್ಚುವರಿ ಅಂಕವಿದೆ. ವಿನೋಬನಗರದ ಮಗುವಿಗೆ ಈ ಅಂಕ ಸಿಗದು, ಹರಿಹರದ ಹಳ್ಳಿಗಳ ಮಗುವಿಗೆ ಸಿಗುತ್ತದೆ. ಆದರೆ ಅರ್ಜಿ ಹಾಕದ ಮಗುವಿಗೆ ಅದರಿಂದ ಪ್ರಯೋಜನವೇನು? ಏಳು, ಎಂಟನೆಯ ತರಗತಿಯಲ್ಲಿ ದೊರೆತ ಪ್ರಮಾಣಪತ್ರಗಳನ್ನು ಶಾಲೆಯಲ್ಲಿಯೇ ಕಡತ ಮಾಡಿ ಇಡುವುದು ಮುಖ್ಯ ಶಿಕ್ಷಕರಿಗೆ ದೊಡ್ಡ ಹೊರೆಯಲ್ಲ. ಮನೆಯಲ್ಲಿ ಅವು ಉಳಿಯುವ ಭರವಸೆ ಕಡಿಮೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಟರ್ನರ್, ಫಿಟ್ಟರ್ ವೃತ್ತಿಗಳೆಂದರೆ ಎಣ್ಣೆ, ಮಸಿ, ಭಾರ ಎತ್ತುವುದು ಎಂಬ ಚಿತ್ರ ಪಾಲಕರ ಮನಸ್ಸಿನಲ್ಲಿದೆ. ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು, ತಪಾಸಣಾ ಕೊಠಡಿ, ಉಪಗ್ರಹದ ತಂತಿ ಜೋಡಣೆ ಇವುಗಳಲ್ಲಿ ಬೇಕಾದದ್ದು ತೋಳಿನ ಬಲವಲ್ಲ, ಕಣ್ಣಿನ ನಿಖರತೆ ಮತ್ತು ತಾಳ್ಮೆ. ಇದನ್ನು ಶಿಕ್ಷಕರ ಬಾಯಿಂದ ಕೇಳುವುದಕ್ಕಿಂತ ತಾಯಂದಿರು ಕಣ್ಣಾರೆ ನೋಡುವುದು ಹೆಚ್ಚು ಫಲಕಾರಿ. ಹರಿಹರದ ತರಬೇತಿ ಕೇಂದ್ರಕ್ಕೆ ಭೇಟಿ ಏರ್ಪಡಿಸುವ ಶಾಲೆಗಳು ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆದು, ಮಕ್ಕಳೊಡನೆ ನಾಲ್ಕಾರು ತಾಯಂದಿರನ್ನೂ ಕರೆದೊಯ್ಯುವುದು ಸೂಕ್ತ. ಭೇಟಿ ಫಲಿತಾಂಶದ ನಂತರವಲ್ಲ, ದೀಪಾವಳಿಗೆ ಮುಂಚೆಯೇ ನಡೆಯಬೇಕು. ಮೇ ತಿಂಗಳಿನಲ್ಲಿ ಮನೆಯವರು ಕುಳಿತು ಮಾತನಾಡುವ ಹೊತ್ತಿಗೆ ಅಲ್ಲಿ ಕಂಡದ್ದು ಅವರ ನೆನಪಿನಲ್ಲಿರಬೇಕು.