ನಿಮ್ಮ ಫ್ರಿಜ್ ಸಾಕಷ್ಟು ತಣ್ಣಗಿದೆಯೇ?

ವಾಂತಿ, ಭೇದಿ, ಹೊಟ್ಟೆನೋವು ಎಂದು ವೈದ್ಯರ ಬಳಿಗೆ ಹೋದರೆ ಅವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ‘ನಿನ್ನೆ ಏನು ತಿಂದಿರಿ?’ ಎಂಬುದು. ‘ಹೊರಗೆ ಏನೂ ತಿಂದಿಲ್ಲ ಡಾಕ್ಟ್ರೇ, ಮನೆಯ ಊಟವೇ. ಮೊನ್ನೆಯ ಸಾರು ಸ್ವಲ್ಪ ಇತ್ತು, ಅದನ್ನೂ ಫ್ರಿಜ್ಜಿನಲ್ಲೇ ಇಟ್ಟಿದ್ದೆವು’ ಎಂದು ಹಲವರು ಹೇಳುತ್ತಾರೆ. ಫ್ರಿಜ್ಜಿನಲ್ಲಿ ಇಟ್ಟ ಮೇಲೆ ಆಹಾರಕ್ಕೆ ಏನೂ ಆಗದು ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿದೆ. ಆದರೆ ಆ ಫ್ರಿಜ್ಜಿನೊಳಗೆ ಎಷ್ಟು ಡಿಗ್ರಿ ಇತ್ತು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ.

ಮಗುವಿನ ಮೈ ಬಿಸಿಯಾದರೆ ತಕ್ಷಣ ಥರ್ಮಾಮೀಟರ್ ಹುಡುಕುತ್ತೇವೆ. ಮನೆಮಂದಿಯೆಲ್ಲ ತಿನ್ನುವ ಆಹಾರವನ್ನು ಕಾಯುವ ಪೆಟ್ಟಿಗೆಯ ಉಷ್ಣತೆಯನ್ನು ಮಾತ್ರ ವರ್ಷಗಟ್ಟಲೆ ನೋಡುವುದಿಲ್ಲ. ದೀಪ ಉರಿಯುತ್ತಿದೆ, ಸದ್ದು ಕೇಳುತ್ತಿದೆ, ಬಾಟಲಿಯ ನೀರು ತಣ್ಣಗಿದೆ. ಅಷ್ಟಿದ್ದರೆ ಫ್ರಿಜ್ ಸರಿಯಾಗಿದೆ ಎಂದುಕೊಳ್ಳುತ್ತೇವೆ. ನೀರು 12 ಡಿಗ್ರಿಯಲ್ಲಿದ್ದರೂ ಬಾಯಿಗೆ ತಣ್ಣಗೇ ಅನಿಸುತ್ತದೆ. ಆದರೆ 12 ಡಿಗ್ರಿಯಲ್ಲಿ ದಿನಗಟ್ಟಲೆ ಇಟ್ಟ ಹಾಲು, ಅನ್ನ, ಮಾಂಸದ ಸಾರು ಸುರಕ್ಷಿತವಲ್ಲ. ಪೂರ್ತಿ ಕೆಟ್ಟು ನಿಂತ ಫ್ರಿಜ್ ನಮಗೆ ಗೊತ್ತಾಗುತ್ತದೆ, ಎಚ್ಚರ ವಹಿಸುತ್ತೇವೆ. ಅರೆಬರೆ ಕೆಲಸ ಮಾಡುವ ಫ್ರಿಜ್ ಗೊತ್ತಾಗುವುದಿಲ್ಲ. ಹೆಚ್ಚಿನ ಅಪಾಯ ಇರುವುದು ಅದರಲ್ಲಿಯೇ.

ಶೀತದ ಕೆಲಸವೇನು?

ಫ್ರಿಜ್ ರೋಗಾಣುಗಳನ್ನು ಕೊಲ್ಲುವುದಿಲ್ಲ. ಅವುಗಳ ಬೆಳವಣಿಗೆಯನ್ನು ನಿಧಾನ ಮಾಡುತ್ತದೆ, ಅಷ್ಟೆ. ಅನುಕೂಲವಾದ ಉಷ್ಣತೆಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಈ ಲೆಕ್ಕದಲ್ಲಿ ಒಂದು ರೋಗಾಣು 7 ಗಂಟೆಗಳಲ್ಲಿ 20 ಲಕ್ಷವನ್ನು ದಾಟುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆ ಅಪಾಯದ ವಲಯ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇಯಿಸಿದ ಆಹಾರವನ್ನು 2 ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬಿಡಬಾರದು ಎಂಬುದೂ ಅದರ ಸಲಹೆ.

‘ಬೆಳಿಗ್ಗೆ ಚೆನ್ನಾಗಿ ಕುದಿಸಿದರೆ ಆಯಿತು’ ಎನ್ನುವವರಿದ್ದಾರೆ. ಇದು ಪೂರ್ಣ ಸತ್ಯವಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅನ್ನ ಬೇಯುವಾಗಲೂ ಅವು ಸಾಯುವುದಿಲ್ಲ. ರಾತ್ರಿಯಿಡೀ ಅನ್ನ ಅಡುಗೆಮನೆಯ ಕಟ್ಟೆಯ ಮೇಲೆಯೇ ಉಳಿದರೆ ಅವು ಮೊಳೆತು ವಿಷವನ್ನು ಉತ್ಪಾದಿಸಬಲ್ಲವು. ಈ ವಿಷ ಮರುದಿನ ಚಿತ್ರಾನ್ನದ ಒಗ್ಗರಣೆಯ ಬಿಸಿಗೆ ನಾಶವಾಗುವುದಿಲ್ಲ. ಚರ್ಮದ ಮೇಲೆ ಇರುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಉಂಟುಮಾಡುವ ವಿಷವೂ ಇಂಥದ್ದೇ. ಇನ್ನೊಂದು ಮಾತು: ರೋಗ ತರುವ ಆಹಾರ ಹಳಸಿದ ವಾಸನೆ ಕೊಡಲೇಬೇಕೆಂದಿಲ್ಲ. ಮೂಗು ಹೇಳಿದ್ದೇ ಕೊನೆಯ ಮಾತಲ್ಲ.

ಲಿಸ್ಟೀರಿಯಾ ಎಂಬ ರೋಗಾಣು ಫ್ರಿಜ್ಜಿನ ಶೀತದಲ್ಲಿಯೂ ನಿಧಾನವಾಗಿ ಬೆಳೆಯುತ್ತದೆ. ಗರ್ಭಿಣಿಯರಿಗೆ ಅದು ತಗುಲಿದರೆ ಗರ್ಭಪಾತವಾಗುವ ಸಂಭವವಿದೆ. ಪುಟ್ಟ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಗಳಲ್ಲಿ ಫ್ರಿಜ್ಜಿನ ಬಗೆಗಿನ ಉದಾಸೀನ ದುಬಾರಿಯಾಗುತ್ತದೆ.

ಅಂಕಿ ನೋಡಿ ಮೋಸಹೋಗಬೇಡಿ

ಫ್ರಿಜ್ಜಿನೊಳಗೆ ಉಷ್ಣತೆ 5 ಡಿಗ್ರಿಗಿಂತ ಕೆಳಗಿರಬೇಕು. 4 ಡಿಗ್ರಿ ಇದ್ದರೆ ಒಳ್ಳೆಯದು. ಫ್ರೀಜರ್‌ನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರಬೇಕು. ಒಳಗಿರುವ ತಿರುಗಣೆಯ ಮೇಲೆ 1ರಿಂದ 5 ಅಥವಾ 7ರವರೆಗೆ ಅಂಕಿಗಳಿರುತ್ತವೆ. ಅವು ಡಿಗ್ರಿಗಳಲ್ಲ! ‘5ಕ್ಕೆ ಇಟ್ಟಿದ್ದೇನೆ, ಅಂದರೆ 5 ಡಿಗ್ರಿ’ ಎಂದುಕೊಳ್ಳುವುದು ತಪ್ಪು. ಸಾಮಾನ್ಯವಾಗಿ ಅಂಕಿ ಹೆಚ್ಚಾದಂತೆ ಶೀತವೂ ಹೆಚ್ಚುತ್ತದೆ. ಉಷ್ಣತೆಯನ್ನೇ ತೋರಿಸುವ ಹೊಸ ಮಾದರಿಗಳಲ್ಲಿ ಮಾತ್ರ ಅಂಕಿಯೆಂದರೆ ಡಿಗ್ರಿ.

ಪರೀಕ್ಷೆ ಸುಲಭ. ಫ್ರಿಜ್ಜಿಗೆಂದೇ ಇರುವ ಸಣ್ಣ ಥರ್ಮಾಮೀಟರ್ ಅಂಗಡಿಗಳಲ್ಲಿ ಸಿಗುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬಾರದು. ಒಂದು ಲೋಟ ನೀರಿನಲ್ಲಿ ಅದನ್ನು ಮುಳುಗಿಸಿ, ಮಧ್ಯದ ತಟ್ಟಿನಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಯಾರೂ ಬಾಗಿಲು ತೆರೆಯುವ ಮೊದಲೇ ನೋಡಿ. 5ಕ್ಕಿಂತ ಹೆಚ್ಚಿದ್ದರೆ ತಿರುಗಣೆಯನ್ನು ಒಂದು ಅಂಕಿ ಏರಿಸಿ, ಮರುದಿನ ಮತ್ತೆ ನೋಡಿ. ಬೇಸಿಗೆಯಲ್ಲಿ, ಅದರಲ್ಲೂ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯಂಥ ಕಡೆ, ಚಳಿಗಾಲದಲ್ಲಿ ಸಾಕಾಗಿದ್ದ ಅಂಕಿ ಸಾಲದೇ ಹೋಗಬಹುದು.

ಮೆಕ್ಯಾನಿಕ್‌ರನ್ನು ಕರೆಸುವ ಮುನ್ನ

ಅಂಕಿ ಏರಿಸಿದರೂ ತಣ್ಣಗಾಗುತ್ತಿಲ್ಲವೇ? ಕಾರಣ ಬಹಳ ಸಲ ಸಣ್ಣದೇ ಇರುತ್ತದೆ. ಒಂದೊಂದಾಗಿ ನೋಡಿ.

1. ಬಾಗಿಲಿನ ರಬ್ಬರು: ಒಂದು ನೋಟನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ; ಸಲೀಸಾಗಿ ಜಾರಿ ಬಂದರೆ ಅಲ್ಲಿ ತಂಪು ಸೋರುತ್ತಿದೆ. ನಾಲ್ಕೂ ಬದಿಯಲ್ಲಿ ಹೀಗೆ ನೋಡಿ. ಮಡಿಕೆಗಳಲ್ಲಿ ಕೂತ ಜಿಡ್ಡು, ಕಪ್ಪು ಬೂಷ್ಟನ್ನು ಸೋಪಿನ ನೀರಿನಿಂದ ಒರೆಸಿದರೆ ಎಷ್ಟೋ ಸಲ ರಬ್ಬರು ಮತ್ತೆ ಹಿಡಿದುಕೊಳ್ಳುತ್ತದೆ. ಹರಿದಿದ್ದರೆ ಬದಲಾಯಿಸಬೇಕು.

2. ಹಿಂಬದಿಯ ಧೂಳು: ಫ್ರಿಜ್ ಒಳಗಿನ ಶಾಖವನ್ನು ಹೀರಿ ಹೊರಗೆ ಬಿಡುತ್ತದೆ. ಬಿಡಲು ಜಾಗವಿಲ್ಲದಿದ್ದರೆ ಒಳಗೆ ತಂಪಾಗದು. ಗೋಡೆಗೆ ಒತ್ತಿ ಇಡಬೇಡಿ. ಒಲೆಯ ಪಕ್ಕದಲ್ಲೂ ಬೇಡ. ಹಿಂದೆ ಕಪ್ಪು ಜಾಲರಿಯಿದ್ದರೆ ಪ್ಲಗ್ ಕಿತ್ತು, ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಜಾಲರಿ ಕಾಣದ ಮಾದರಿಗಳಲ್ಲಿ ಅದು ಪಕ್ಕದ ಗೋಡೆಯೊಳಗಿರುತ್ತದೆ. ಆ ಬದಿ ಬೆಚ್ಚಗಾಗುವುದು ಸಹಜ.

3. ಮಂಜುಗಡ್ಡೆ: ಐಸ್ ಹೆಚ್ಚಿದಷ್ಟೂ ತಂಪು ಹೆಚ್ಚು ಎಂಬುದು ತಪ್ಪು ತಿಳಿವಳಿಕೆ. ಗಟ್ಟಿಯಾಗಿ ಕಟ್ಟಿದ ಐಸ್ ಕಂಬಳಿಯಂತೆ ತಂಪನ್ನು ತಡೆಯುತ್ತದೆ. ಅರ್ಧ ಸೆಂಟಿಮೀಟರ್ ದಪ್ಪವಾಗುತ್ತಿದ್ದಂತೆ ಕರಗಿಸಿ. ತಾನಾಗಿಯೇ ಐಸ್ ಕರಗಿಸಿಕೊಳ್ಳುವ ಮಾದರಿಯಲ್ಲೂ ಐಸ್ ಕಟ್ಟುತ್ತಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

4. ತುಂಬಿ ತುಳುಕುವ ತಟ್ಟುಗಳು: ಪಾತ್ರೆಗಳ ನಡುವೆ ಗಾಳಿ ಓಡಾಡಬೇಕು. ಹಿಂಬದಿಯ ಗಾಳಿಯ ಕಿಂಡಿಗೆ ದೋಸೆಹಿಟ್ಟಿನ ಪಾತ್ರೆ ಅಡ್ಡವಾಗಿದ್ದರೆ ಉಳಿದ ಕಡೆ ತಂಪು ತಲುಪದು. ಈರುಳ್ಳಿ, ಆಲೂಗಡ್ಡೆ, ಬಾಳೆಹಣ್ಣಿಗೆ ಫ್ರಿಜ್ ಬೇಕಾಗಿಯೇ ಇಲ್ಲ.

5. ವೋಲ್ಟೇಜ್: ಗುಂಯ್ ಎಂಬ ಸದ್ದು, ಹಿಂದೆಯೇ ಟಕ್ ಎಂದು ನಿಲ್ಲುವುದು, ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಇದು ವೋಲ್ಟೇಜ್ ಸಾಲದೆ ಕಂಪ್ರೆಸರ್ ಹೊರಡಲಾಗದ ಲಕ್ಷಣವಾಗಿರಬಹುದು. ಫ್ರಿಜ್ ಆರಿಸಿ, ವೋಲ್ಟೇಜ್ ಸರಿಯಾದ ಮೇಲೆ ಹಾಕಿ. ಆರಿಸಿದ ತಕ್ಷಣ ಮತ್ತೆ ಹಾಕಬೇಡಿ, 5 ನಿಮಿಷವಾದರೂ ಬಿಡಿ. ಆಗಲೂ ಅದೇ ಸದ್ದಾದರೆ ದೋಷ ಒಳಗಿದೆ.

6. ಒಳಗೆ ನೀರು ನಿಲ್ಲುವುದು: ಹಿಂಬದಿಯ ಕೆಳಭಾಗದಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಕೊತ್ತಂಬರಿ ಎಲೆ, ಅನ್ನದ ಅಗಳು ಅದನ್ನು ಮುಚ್ಚಿರುತ್ತವೆ. ಮೆತ್ತನೆಯ ಕಡ್ಡಿಯಿಂದ ಬಿಡಿಸಿ, ಬೆಚ್ಚನೆಯ ನೀರು ಹನಿಸಿ.

ಇವಕ್ಕೆ ಕೈ ಹಾಕಬೇಡಿ

ಐಸ್ ಬೇಗ ಹೋಗಲೆಂದು ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಲೇಬಾರದು. ಫ್ರೀಜರ್‌ನ ಗೋಡೆಯಲ್ಲಿ ಅನಿಲ ಹರಿಯುವ ತೆಳು ಕೊಳವೆಗಳಿವೆ. ಹಿಂದಿನ ಫ್ರಿಜ್‌ಗಳಲ್ಲಿದ್ದ ಕ್ಲೋರೋಫ್ಲೋರೋಕಾರ್ಬನ್ ಅನಿಲ ಓಝೋನ್ ಪದರಕ್ಕೆ ಹಾನಿಕರವೆಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತಹಂತವಾಗಿ ಕೈಬಿಡಲಾಯಿತು. ಈಗಿನ ಅನೇಕ ಫ್ರಿಜ್‌ಗಳಲ್ಲಿ ಐಸೋಬ್ಯೂಟೇನ್ ಇದೆ. ಇದು ಅಡುಗೆ ಅನಿಲದಂತೆಯೇ ಹೊತ್ತಿಕೊಳ್ಳುತ್ತದೆ. ಕೊಳವೆ ತೂತಾಗಿ ಸುಯ್ ಎಂದು ಸದ್ದು ಬಂದರೆ ಒಲೆ ಆರಿಸಿ, ಕಿಟಕಿ ಬಾಗಿಲು ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬನ್ನಿ.

ಬಾಗಿಲು ಮುಟ್ಟಿದಾಗ ಕೈ ಜುಮ್ಮೆಂದರೆ ಅದನ್ನು ‘ಸ್ವಲ್ಪ ಶಾಕ್ ಹೊಡೆಯುತ್ತೆ’ ಎಂದು ಸಹಿಸಿಕೊಂಡು ಹೋಗಬೇಡಿ. ಒದ್ದೆ ನೆಲ, ಬರಿಗಾಲು ಸೇರಿದರೆ ಅದೇ ಪ್ರಾಣಕ್ಕೆ ಎರವಾಗಬಹುದು. ಫ್ರಿಜ್ಜನ್ನು ಮತ್ತೆ ಮುಟ್ಟದೆ ಮನೆಯ ಮೇನ್ ಸ್ವಿಚ್ ಆರಿಸಿ. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಪರೀಕ್ಷಿಸುವವರೆಗೆ ಫ್ರಿಜ್ ಬಳಸಬೇಡಿ.

ಹಿಂದಿನ ತಟ್ಟೆಯಲ್ಲಿ ಸೊಳ್ಳೆ

ಕರಗಿದ ನೀರು ಫ್ರಿಜ್ಜಿನ ಹಿಂದೆ, ಕೆಳಗೆ, ಒಂದು ತಟ್ಟೆಯಲ್ಲಿ ಸೇರುತ್ತದೆ. ಹಲವರಿಗೆ ಈ ತಟ್ಟೆ ಇರುವುದೇ ಗೊತ್ತಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮನೆಯೊಳಗಿನ ಇಂಥ ನಿಂತ ನೀರು ಬಹಳ ಇಷ್ಟ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನೆನಪಿರಬಹುದು. ಚರಂಡಿಗೆ ಔಷಧಿ ಹೊಡೆಸಿ ಎಂದು ಒತ್ತಾಯಿಸುವ ನಾವು ಈ ತಟ್ಟೆಯನ್ನೂ ವಾರಕ್ಕೊಮ್ಮೆ ಖಾಲಿ ಮಾಡಬೇಕು. ನೀರು ಚೆಲ್ಲಿದರೆ ಸಾಲದು. ಮೊಟ್ಟೆಗಳು ಅಂಚಿಗೆ ಅಂಟಿಕೊಂಡಿರುತ್ತವೆ, ತಿಕ್ಕಿ ತೊಳೆಯಬೇಕು. ಮೊದಲು ಪ್ಲಗ್ ತೆಗೆಯುವುದನ್ನು ಮರೆಯಬೇಡಿ.

ಕರೆಂಟ್ ಹೋದಾಗ

ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪನ್ನು ಹಿಡಿದಿಡುತ್ತದೆ. ಪ್ರತ್ಯೇಕ ಬಾಗಿಲಿನ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ತಡೆಯಬಹುದು. ಒಂದೇ ಬಾಗಿಲಿನ ಫ್ರಿಜ್ಜಿನ ಪುಟ್ಟ ಐಸ್ ಪೆಟ್ಟಿಗೆಯಿಂದ ಇಷ್ಟು ನಿರೀಕ್ಷಿಸಬೇಡಿ. 4 ಗಂಟೆಗೂ ಮೀರಿ ಕರೆಂಟ್ ಇಲ್ಲದಿದ್ದರೆ ಹಾಲು, ಮಾಂಸ, ಮೀನು, ಬೇಯಿಸಿದ ಅಡುಗೆಯನ್ನು ಉಳಿಸಿಕೊಳ್ಳುವ ಆಸೆ ಬಿಡಿ. ಉಪ್ಪಿನಕಾಯಿ, ಬೆಣ್ಣೆ, ಹಸಿ ತರಕಾರಿಗೆ ಭಯವಿಲ್ಲ.

ಹಬ್ಬಕ್ಕೆ ಊರಿಗೆ ಹೋಗುವಾಗ ಒಂದು ಉಪಾಯ ಮಾಡಿ. ಸಣ್ಣ ಲೋಟದಲ್ಲಿ ನೀರು ಗಡ್ಡೆಕಟ್ಟಿಸಿ, ಅದರ ಮೇಲೊಂದು ನಾಣ್ಯವಿಟ್ಟು ಫ್ರೀಜರ್‌ನಲ್ಲಿಡಿ. ಹಿಂತಿರುಗಿದಾಗ ನಾಣ್ಯ ಮೇಲೆಯೇ ಇದ್ದರೆ ಸರಿ. ತಳ ಸೇರಿದ್ದರೆ, ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಡ್ಡೆಕಟ್ಟಿದೆ ಎಂದರ್ಥ. ಫ್ರೀಜರ್‌ನಲ್ಲಿದ್ದುದನ್ನೆಲ್ಲ ಚೆಲ್ಲಿಬಿಡಿ.

ಇನ್ಸುಲಿನ್ ಇರುವ ಮನೆಗಳಲ್ಲಿ

ಬಳಸಲು ಇನ್ನೂ ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಉಷ್ಣತೆ ಬೇಕು. ಸೆಖೆ ಹೆಚ್ಚಾದರೂ ಅದು ಕೆಡುತ್ತದೆ, ಗಡ್ಡೆಕಟ್ಟಿದರೂ ಕೆಡುತ್ತದೆ. ಒಮ್ಮೆ ಗಡ್ಡೆಕಟ್ಟಿದ್ದನ್ನು ಕರಗಿಸಿ ಚುಚ್ಚಿಕೊಳ್ಳಬಾರದು. ಸಕ್ಕರೆ ಹತೋಟಿಗೆ ಬರದೆ ಕಾರಣ ಹುಡುಕುತ್ತಾ ಕೂರಬೇಕಾಗುತ್ತದೆ. ಆದ್ದರಿಂದ ಫ್ರೀಜರ್‌ನಲ್ಲಾಗಲಿ, ಐಸ್ ಪೆಟ್ಟಿಗೆಗೆ ತಾಗಿದಂತಾಗಲಿ ಇಡಬೇಡಿ. ಬಾಗಿಲಿನ ತಟ್ಟೂ ಬೇಡ, ಅಲ್ಲಿ ಉಷ್ಣತೆ ಏರಿಳಿಯುತ್ತಿರುತ್ತದೆ. ಮಧ್ಯದ ತಟ್ಟಿನಲ್ಲಿ, ಮುಚ್ಚಳವಿರುವ ಡಬ್ಬಿಯಲ್ಲಿ ಇಡಿ. ತೆರೆದ ಮೇಲೆ ಎಲ್ಲಿ, ಎಷ್ಟು ದಿನ ಇಡಬಹುದೆಂಬುದನ್ನು ಪೊಟ್ಟಣದಲ್ಲಿರುವ ಸೂಚನೆಯಲ್ಲಿ ನೋಡಿ.

ರೂಢಿಗೆ ಬರಬೇಕಾದ ಕೆಲವು ಅಭ್ಯಾಸಗಳು

ಉಳಿದ ಅಡುಗೆಯನ್ನು ದೊಡ್ಡ ಪಾತ್ರೆಯಲ್ಲೇ ಬಿಡದೆ, ಅಗಲವಾದ ಸಣ್ಣ ಡಬ್ಬಿಗಳಿಗೆ ಹಾಕಿ ಬೇಗ ಆರಿಸಿ, 2 ಗಂಟೆಯೊಳಗೆ ಒಳಗಿಡಿ. ಹಸಿ ಮಾಂಸ, ಮೀನನ್ನು ಮುಚ್ಚಿ ಎಲ್ಲಕ್ಕಿಂತ ಕೆಳಗೆ ಇಡಿ. ಅದರ ರಸ ಬೇಯಿಸಿದ ಆಹಾರದ ಮೇಲೆ ತೊಟ್ಟಿಕ್ಕಬಾರದು. ಬೇಯಿಸಿದ್ದನ್ನು 3-4 ದಿನಕ್ಕಿಂತ ಹೆಚ್ಚು ಇಡಬೇಡಿ. ತಿನ್ನುವಷ್ಟನ್ನು ಮಾತ್ರ ತೆಗೆದು, ಹಬೆಯಾಡುವಂತೆ ಬಿಸಿ ಮಾಡಿ. ಅದೇ ಸಾರನ್ನು ಮೂರು ದಿನ ಹೊರಗೆ ತೆಗೆದು, ಕುದಿಸಿ, ಮತ್ತೆ ಒಳಗಿಡುವುದು ಒಳ್ಳೆಯ ಅಭ್ಯಾಸವಲ್ಲ.

ತಿಂಗಳಿಗೊಮ್ಮೆ ಪ್ಲಗ್ ತೆಗೆದು, 1 ಲೀಟರ್ ಬೆಚ್ಚನೆಯ ನೀರಿಗೆ 2 ದೊಡ್ಡ ಚಮಚ ಅಡುಗೆ ಸೋಡಾ ಬೆರೆಸಿ ಒಳಭಾಗವನ್ನು ಒರೆಸಿ. ಕರಾವಳಿ, ಮಲೆನಾಡಿನ ತೇವದ ಹವೆಯಲ್ಲಿ ಬೂಷ್ಟು ಬೇಗ ಬರುವುದರಿಂದ ಇನ್ನೂ ಬೇಗ ಬೇಗ ಒರೆಸಬೇಕಾದೀತು. ಹಳೆಯ ಫ್ರಿಜ್ಜನ್ನು ಮೂಲೆಗೆ ಹಾಕುವುದಾದರೆ ಬಾಗಿಲನ್ನು ಕಳಚಿಯೇ ಹಾಕಿ. ಕಣ್ಣಾಮುಚ್ಚಾಲೆಯಾಡುವ ಮಕ್ಕಳು ಒಳಗೆ ಸಿಕ್ಕಿಕೊಂಡು ಉಸಿರುಗಟ್ಟುವ ಅಪಾಯವಿದೆ.

ಎಷ್ಟು ಎಚ್ಚರವಹಿಸಿದರೂ ಒಮ್ಮೊಮ್ಮೆ ಹೊಟ್ಟೆ ಕೆಡಬಹುದು. ಆಗ ಓಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸುತ್ತಿರಿ. ಭೇದಿಯಲ್ಲಿ ರಕ್ತ, ನಿಲ್ಲದ ವಾಂತಿ, ಜೋರು ಜ್ವರ, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು ಕಂಡುಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಈ ರಾತ್ರಿಯೇ ಒಂದು ಲೋಟ ನೀರನ್ನು ಫ್ರಿಜ್ಜಿನ ಮಧ್ಯದ ತಟ್ಟಿನಲ್ಲಿಡಿ, ನಾಳೆ ಒಂದು ಥರ್ಮಾಮೀಟರ್ ತನ್ನಿ. ಫ್ರಿಜ್ ಹೇಗಿದೆ ಎಂದು ಅಂದಾಜು ಮಾಡುವುದನ್ನು ಬಿಟ್ಟು ಅಳೆದು ನೋಡಿ.