ಗೋದಾಮಿನ ಎತ್ತುಗಾಡಿಯ ಬ್ರೇಕ್ ಶೂ: ಆರಿಸುವುದು, ಬದಲಿಸುವುದು



ವಿದ್ಯಾನಗರದಿಂದ ಧಾರವಾಡದ ಹಾದಿ ಹಿಡಿದರೆ, ಉಣಕಲ್ ದಾಟಿದ ಮೇಲೆ ಅಮರಗೋಳದ ಮಾರುಕಟ್ಟೆ ಪ್ರಾಂಗಣ ಸಿಗುತ್ತದೆ. ನಮ್ಮ ಹೊಲದ ಮಾಲು ಸೇರುವ ಸ್ಥಳವದು. ಇಂದು ದೊಡ್ಡ ಗೋದಾಮುಗಳಲ್ಲಿ ಚೀಲಗಳನ್ನು ಬ್ಯಾಟರಿಯ ಎತ್ತುಗಾಡಿ, ಅಂದರೆ ಫೋರ್ಕ್‌ಲಿಫ್ಟ್, ಎತ್ತಿಡುತ್ತದೆ. ನಿಮ್ಮಲ್ಲಿ ಯಾರಾದರೂ ಅಂಥ ಕೆಲಸಕ್ಕೆ ಸೇರಿದರೆ, ಮೊದಲು ಅರಿಯತಕ್ಕದ್ದು ಅದರ ಬ್ರೇಕು.

ಸೈಕಲ್ಲಿನ ಬ್ರೇಕಿನ ರಬ್ಬರು ಸವೆಯುವುದನ್ನು ನೀವು ಕಂಡಿದ್ದೀರಿ. ಇಲ್ಲಿಯೂ ಅದೇ ತತ್ವ. ಅನೇಕ ಎತ್ತುಗಾಡಿಗಳಲ್ಲಿ ಗಾಲಿಯೊಡನೆ ಒಂದು ಡ್ರಮ್ಮು ತಿರುಗುತ್ತದೆ. ಅದರೊಳಗೆ ಬಿಲ್ಲಿನಂತೆ ಬಾಗಿದ ಎರಡು ಶೂಗಳಿರುತ್ತವೆ. ಪೆಡಲು ತುಳಿದಾಗ ಅವು ಅಗಲಿ ಡ್ರಮ್ಮಿಗೆ ಒತ್ತುತ್ತವೆ. ಬಿಟ್ಟಾಗ ಸ್ಪ್ರಿಂಗು ಹಿಂದಕ್ಕೆಳೆಯುತ್ತದೆ. ಸವೆಯುವುದು ಶೂಗಳ ಮೇಲಿನ ಲೈನಿಂಗು.

ಒಂದು ಮೋಸ ಇಲ್ಲಿದೆ. ಅನೇಕ ವಿದ್ಯುತ್ ಗಾಡಿಗಳಲ್ಲಿ ವೇಗದ ಪೆಡಲು ಬಿಟ್ಟೊಡನೆ ಮೋಟಾರೇ ವೇಗ ತಗ್ಗಿಸುತ್ತದೆ. ಆದ್ದರಿಂದ ಶೂ ಸವೆದದ್ದು ಬೇಗ ತಿಳಿಯುವುದಿಲ್ಲ. ಐವತ್ತು ಕಿಲೋದ 20 ಚೀಲವೆಂದರೆ ಒಂದು ಟನ್ನು. ಗಾಡಿಯ ತೂಕ ಬೇರೆ. ಇಳಿಜಾರಿನಲ್ಲಿ ಮೋಟಾರು ಕೈಕೊಟ್ಟಾಗ ಇಷ್ಟನ್ನೂ ಹಿಡಿಯಬೇಕಾದದ್ದು ಆ ಶೂಗಳೇ. ಮುಂದೆ ನಿಂತಿರುವವನು ನಮ್ಮವನೇ ಒಬ್ಬ ಹಮಾಲ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆಂಬುದನ್ನೂ ಮರೆಯಬೇಡಿರಿ.

ಪೆಡಲು ತೀರ ಕೆಳಗಿಳಿಯುವುದು, ಗಾಡಿ ಒಂದು ಮಗ್ಗುಲಿಗೆ ಎಳೆಯುವುದು, ಕಬ್ಬಿಣ ಉಜ್ಜಿದ ಸದ್ದು, ಸುಟ್ಟ ವಾಸನೆ: ಇವುಗಳಲ್ಲಿ ಒಂದು ಕಂಡರೂ ಗಾಡಿ ನಿಲ್ಲಿಸಿರಿ.

ಆರಿಸುವ ಬಗೆ: ಕಣ್ಣಳತೆ ಸಾಲದು. ಗಾಡಿಯ ಮೇಲಿನ ಫಲಕದಿಂದ ಮಾದರಿಯನ್ನೂ ಕ್ರಮಸಂಖ್ಯೆಯನ್ನೂ ಬರೆದುಕೊಳ್ಳಿರಿ. ಡ್ರಮ್ಮಿನ ವ್ಯಾಸ, ಲೈನಿಂಗಿನ ಅಗಲ, ಸ್ಪ್ರಿಂಗಿನ ತೂತುಗಳ ಸ್ಥಾನ ಹೊಂದಬೇಕು. ಹಳೆಯ ಶೂವನ್ನೂ ಅಂಗಡಿಗೆ ಒಯ್ಯಿರಿ. ಕಲ್ನಾರು ಇಲ್ಲದ ಲೈನಿಂಗನ್ನೇ ಕೇಳಿರಿ. ಒಂದು ಗಾಲಿಗೆ ಮಾತ್ರ ಹೊಸದು ಹಾಕಬೇಡಿರಿ. ಒಂದೇ ಅಚ್ಚಿನ ಎರಡೂ ಗಾಲಿಗಳಿಗೆ ಜೋಡಿಯಾಗಿ ಹಾಕತಕ್ಕದ್ದು. ಇಲ್ಲವಾದರೆ ಗಾಡಿ ಒಂದು ಮಗ್ಗುಲಿಗೆ ಎಳೆದೀತು.

ಬದಲಿಸುವ ಬಗೆ: ಇದು ತರಬೇತಾದ ಮೆಕ್ಯಾನಿಕನ ಕೆಲಸ, ಆದರೂ ಕ್ರಮ ನಿಮಗೆ ತಿಳಿದಿರಲಿ.

1. ಸಮನೆಲದಲ್ಲಿ ಹೊರೆ ಇಳಿಸಿ, ಫೋರ್ಕುಗಳನ್ನು ನೆಲಕ್ಕೆ ತಂದು, ಚಾವಿ ತೆಗೆದು, ಬ್ಯಾಟರಿಯ ಪ್ಲಗ್ಗು ಬಿಚ್ಚಿರಿ.

2. ನೆಲದ ಮೇಲಿರುವ ಗಾಲಿಗಳಿಗೆ ಅಡ್ಡಗಟ್ಟೆ ಕೊಡಿರಿ. ಜ್ಯಾಕನ್ನೊಂದೇ ನಂಬದೆ ಗಟ್ಟಿ ಸ್ಟ್ಯಾಂಡು ಇಡಿರಿ.

3. ಒಂದು ಮಗ್ಗುಲು ಮುಗಿಯುವವರೆಗೆ ಇನ್ನೊಂದನ್ನು ಬಿಚ್ಚಬೇಡಿರಿ. ಅದೇ ನಿಮಗೆ ನಮೂನೆ.

4. ಒಳಗಿನ ಧೂಳನ್ನು ಊದಬೇಡಿರಿ, ಗಾಳಿ ಪಂಪನ್ನೂ ಹಿಡಿಯಬೇಡಿರಿ. ಹಳೆಯ ಲೈನಿಂಗಿನಲ್ಲಿ ಕಲ್ನಾರಿದ್ದರೆ ಅದರ ಧೂಳು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿರಿ.

5. ಎಣ್ಣೆ ಸೋರಿದ್ದರೆ ಮೊದಲು ಅದನ್ನು ಸರಿಪಡಿಸಿರಿ. ಎಣ್ಣೆ ಕುಡಿದ ಲೈನಿಂಗು ಹೊಸದಾದರೂ ಹಿಡಿಯದು. ಡ್ರಮ್ಮು ತೆಗೆದಿರುವಾಗ ಪೆಡಲು ತುಳಿಯಬೇಡಿರಿ.

6. ಕಂಪನಿಯ ಪುಸ್ತಕದಂತೆ ಅಂತರ ಹೊಂದಿಸಿ, ಮೊದಲು ಖಾಲಿ ಗಾಡಿಯನ್ನು ಮೆಲ್ಲಗೆ ನಡೆಸಿ ಪರೀಕ್ಷಿಸಿರಿ, ಹೊರೆ ಅನಂತರ.

ದಿನವೂ ಮುಂಜಾನೆ, ಹೊರೆ ಎತ್ತುವ ಮುನ್ನ, ಪೆಡಲನ್ನೂ ಕೈಬ್ರೇಕನ್ನೂ ಒಮ್ಮೆ ಪರೀಕ್ಷಿಸುವುದನ್ನು ರೂಢಿ ಮಾಡಿಕೊಳ್ಳಿರಿ. ಹಿಡಿಯದ ಗಾಡಿಯನ್ನು, ಮಾಲೀಕ ಎಷ್ಟೇ ಅವಸರ ಮಾಡಲಿ, ನಡೆಸಲಾರೆನೆಂದು ಹೇಳಿರಿ. ತಡವಾದ ಮಾಲು ನಾಳೆ ಹೋದೀತು; ಹೋದ ಜೀವ ಬಾರದು.