ಮಕ್ಕಳಿಗೆ ಚೇಳು ಕುಟುಕಿದಾಗ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಚೇಳನ್ನು ನೋಡದ ಮಕ್ಕಳು ವಿರಳ. ಕುಳ್ಳಿನ ಬಣವೆ, ಸೌದೆಯ ರಾಶಿ, ಕಬ್ಬಿನ ರವದಿ, ಕಲ್ಲುಗೋಡೆಯ ಸಂದು, ಇವು ಅದರ ಹಗಲಿನ ಬಿಡಾರಗಳು. ಇರುಳಾದೊಡನೆ ಅದು ಹುಳುಗಳನ್ನರಸಿ ಹೊರಬೀಳುತ್ತದೆ. ನೆಲದ ಮೇಲೆ ಮಲಗಿದ ಮಗುವಿನ ಕೈಯೋ ಕಾಲೋ ತಗುಲಿದರೆ ಆತ್ಮರಕ್ಷಣೆಗಾಗಿ ಕುಟುಕುತ್ತದೆ.

ದೊಡ್ಡ ಕರಿಚೇಳನ್ನು ಕಂಡು ನಾವು ಹೆಚ್ಚು ಹೆದರುತ್ತೇವೆ. ವಾಸ್ತವವಾಗಿ ಹೆದರಬೇಕಾದುದು ಸಣ್ಣ ಕೆಂಚೇಳಿಗೆ. ಕರಿಚೇಳಿಗೆ ಬೇಟೆಯನ್ನು ಹಿಡಿದು ಹಿಸುಕಲು ಬಲವಾದ ಇಕ್ಕಳಗಳಿವೆ. ಕೆಂಚೇಳಿನ ಇಕ್ಕಳಗಳು ಸಣಕಲು. ಅದರ ಬಲವೆಲ್ಲ ವಿಷದಲ್ಲಿದೆ. ಕರಿಚೇಳಿನ ನೋವು ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಮಂತ್ರ ಹಾಕಿದವರಿಗೂ ಬೇರು ತೇಯ್ದು ಹಚ್ಚಿದವರಿಗೂ ಕೀರ್ತಿ ಬಂದುದು ಇದರಿಂದಲೇ.

ಕೆಂಚೇಳಿನ ವಿಷವು ಮಾಡುವುದೇನು? ನರತಂತುಗಳಲ್ಲಿ ಸೋಡಿಯಂ ಅಯಾನುಗಳು ಒಳಬರುವ ಸೂಕ್ಷ್ಮ ದ್ವಾರಗಳಿವೆ. ವಿಷವು ಅವನ್ನು ಮುಚ್ಚಗೊಡುವುದಿಲ್ಲ. ನರಗಳು ಎಡೆಬಿಡದೆ ಉದ್ರೇಕಗೊಂಡು, ಅಡ್ರಿನಲಿನ್ ಮೊದಲಾದ ರಸಗಳು ರಕ್ತಕ್ಕೆ ನುಗ್ಗುತ್ತವೆ. ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಹೃದಯವು ದಣಿಯುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. 60 ಕಿಲೋಗ್ರಾಂ ತೂಕದ ತಂದೆಗೆ ತಗುಲಿದಷ್ಟೇ ವಿಷ 10 ಕಿಲೋಗ್ರಾಂ ತೂಕದ ಮಗುವಿಗೆ ತಗುಲಿದರೆ, ತೂಕಕ್ಕೆ ಹೋಲಿಸಿದಾಗ ಅದು ಆರುಪಟ್ಟಾಗುತ್ತದೆ.

ಆದುದರಿಂದ ನಾವು ನೋವನ್ನಷ್ಟೇ ಅಳೆಯುತ್ತ ಕೂಡಬಾರದು. ವಾಂತಿ, ಮೈತುಂಬ ಬೆವರು, ಬಾಯಲ್ಲಿ ಜೊಲ್ಲು, ತಣ್ಣಗಾದ ಕೈಕಾಲು, ಇವು ಅಪಾಯದ ಚಿಹ್ನೆಗಳು. ನೋವು ಅಲ್ಪವಾಗಿದ್ದಾಗಲೂ ಇವು ತೋರಬಹುದು. ಸಹ್ಯಾದ್ರಿಯಾಚೆ ಕೊಂಕಣದ ಮಹಾಡದಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಎಂಬ ವೈದ್ಯರು ಇಂತಹ ರೋಗಿಗಳ ಬಳಿ ರಾತ್ರಿಯೆಲ್ಲ ಕುಳಿತು ಈ ಚಿಹ್ನೆಗಳನ್ನು ಗುರುತಿಸಿ, 1982ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಬಿಗಿದ ರಕ್ತನಾಳಗಳನ್ನು ಸಡಿಲಿಸುವ ಪ್ರಾಜೊಸಿನ್ ಎಂಬ ಅಗ್ಗದ ಔಷಧಿಯನ್ನು ಬಳಸಿ, ಮರಣಗಳನ್ನು ಬಹುವಾಗಿ ತಗ್ಗಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಚೇಳಿನ ವಿಷಕ್ಕೆ ಪ್ರತಿವಿಷವೂ ಇದೆ. ಇವೆರಡನ್ನೂ ಮಗುವಿನ ತೂಕ ಮತ್ತು ಸ್ಥಿತಿಯನ್ನು ನೋಡಿ ವೈದ್ಯರೇ ಕೊಡತಕ್ಕದ್ದು.

ಚೇಳು ಕುಟುಕಿದ ಕೂಡಲೆ ಮಗುವನ್ನು ಸಮಾಧಾನಪಡಿಸಿ ಮಲಗಿಸಬೇಕು, ನಡೆಸಬಾರದು. ಗಾಯವನ್ನು ಕೊಯ್ಯುವುದು, ಚೀಪುವುದು, ಹಗ್ಗದಿಂದ ಬಿಗಿಯುವುದು ಸಲ್ಲದು. ನೋವಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಇಡಬಹುದು. ಚೇಳಿನ ಬಣ್ಣವನ್ನು ಚರ್ಚಿಸುತ್ತ ಕಾಲ ಕಳೆಯದೆ, 108ಕ್ಕೆ ಕರೆಮಾಡಿ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು.

ತಡೆಯುವ ಉಪಾಯಗಳೂ ಸುಲಭವಾಗಿವೆ. ಮಗುವನ್ನು ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿಸುವುದು. ಬೂಟು, ಅಂಗಿ, ಹಾಸಿಗೆಗಳನ್ನು ಝಾಡಿಸಿ ಬಳಸುವುದು. ಕುಳ್ಳು ಸೌದೆಗಳನ್ನು ಮನೆಯಿಂದ ದೂರ ಒಟ್ಟುವುದು. ಗೋಡೆಯ ಬಿರುಕುಗಳನ್ನು ಮುಚ್ಚುವುದು. ಕಬ್ಬು ಕಡಿಯಲು ಬಂದವರ ಜೋಪಡಿಗಳಲ್ಲಿ ಮಕ್ಕಳು ನೆಲದ ಮೇಲೆಯೇ ಮಲಗುತ್ತಾರೆ. ಓದುಬರಹ ಬಲ್ಲ ನಮ್ಮ ವಿದ್ಯಾರ್ಥಿಗಳು ಈ ನಾಲ್ಕು ಮಾತುಗಳನ್ನು ಅಲ್ಲಿಗೂ ಮುಟ್ಟಿಸಿದರೆ, ಒಂದಾದರೂ ಜೀವ ಉಳಿದೀತು.